ಕಾರಿಲ್ಲದವರ ಲಾಸ್ ಏಂಜಲಿಸ್

(ವಾರ್ಷಿಕ ಸಮಾವೇಶದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಮಲೆನಾಡಿನ ಯಾವ ಊರಿಗೆ ಹೋದರೂ ಅಮೆರಿಕದಲ್ಲಿ ಮಗನೋ ಮಗಳೋ ಇರುವ ಮನೆಯೊಂದಾದರೂ ಸಿಗುವ ಕಾಲವಿದು. ಬೇಸಿಗೆಯಲ್ಲಿ ಹೋಗಿ, ಆರು ತಿಂಗಳು ಅಲ್ಲಿದ್ದು, ಕೊನೆಕೊಯ್ಲಿನ ಹೊತ್ತಿಗೆ ಹಿಂದಿರುಗಿದ ಹಿರಿಯರನ್ನು ವಿಚಾರಿಸಿದರೆ, ರಸ್ತೆಯ ನುಣುಪು, ಮನೆಯ ಸೌಕರ್ಯ, ಅಂಗಡಿಗಳ ಗಾತ್ರ ಎಲ್ಲವನ್ನೂ ಹೊಗಳಿದ ನಂತರ ಒಂದು ಮಾತನ್ನು ತಗ್ಗಿದ ದನಿಯಲ್ಲಿ ಸೇರಿಸುತ್ತಾರೆ: ಹೊಸ್ತಿಲು ದಾಟಿದರೆ ಹೋಗಲು ಜಾಗವಿಲ್ಲ, ಮಗ ಕೆಲಸದಿಂದ ಬಂದು ಕಾರು ತೆಗೆಯುವವರೆಗೆ ಕಾಯಬೇಕು. ಮನೆಯವರು ಇದನ್ನು ವಯಸ್ಸಿನ ಗೊಣಗಾಟವೆಂದು ಭಾವಿಸಿ ನಗುತ್ತಾರೆ. ಆದರೆ ನಗರ ನಿರ್ಮಾಣದ ಬಗ್ಗೆ ಇದಕ್ಕಿಂತ ಖಚಿತವಾದ ವಿಮರ್ಶೆಯನ್ನು ತಜ್ಞರ ವರದಿಗಳಲ್ಲಿಯೂ ಹುಡುಕುವುದು ಕಷ್ಟ. ತೋಟದ ಏರಿನ ಮೇಲೆ ಎಪ್ಪತ್ತರ ವಯಸ್ಸಿನಲ್ಲೂ ಸಲೀಸಾಗಿ ನಡೆಯುವ ವ್ಯಕ್ತಿಯನ್ನು, ಸಮತಟ್ಟಾದ, ಸುಸಜ್ಜಿತವಾದ ನಗರವೊಂದು ಅಂಗವಿಕಲನನ್ನಾಗಿ ಮಾಡುವುದು ಹೇಗೆ? ಇಂದಿನ ವಿಷಯ ಅದು. ಉದಾಹರಣೆಗೆ ತೆಗೆದುಕೊಂಡಿರುವುದು ಲಾಸ್ ಏಂಜಲಿಸ್. ಆ ನಗರದ ಇತಿಹಾಸ ಚೆನ್ನಾಗಿ ದಾಖಲಾಗಿದೆ ಎಂಬುದು ಒಂದು ಕಾರಣ, ಅದರ ಸುತ್ತಲೂ ಬೆಟ್ಟಗಳಿವೆ ಎಂಬುದು ಇನ್ನೊಂದು.

ಲಾಸ್ ಏಂಜಲಿಸ್ ನಗರವೊಂದೇ 1,200 ಚದರ ಕಿಲೋಮೀಟರಿಗೂ ಹೆಚ್ಚು ಹರಡಿಕೊಂಡಿದೆ. ಅದನ್ನು ಒಳಗೊಂಡ ಲಾಸ್ ಏಂಜಲಿಸ್ ಕೌಂಟಿಯಲ್ಲಿ, ಎಂದರೆ ಜಿಲ್ಲೆಯಂಥ ಆಡಳಿತ ಘಟಕದಲ್ಲಿ, ಸುಮಾರು ಒಂದು ಕೋಟಿ ಜನ ವಾಸಿಸುತ್ತಾರೆ. ಇಲ್ಲಿನ ಆಗ್ನೇಯ ಅಂಚಿನ ಆರ್ಟೀಸಿಯಾ ಎಂಬ ಪುಟ್ಟ ಪಟ್ಟಣದ ಪಯೊನೀರ್ ಬೀದಿ ಭಾರತೀಯರ ಪೇಟೆ. ಸೀರೆ, ಬಂಗಾರ, ದಿನಸಿ, ದೋಸೆ ಎಲ್ಲವೂ ಅಲ್ಲುಂಟು. ಮಲೆನಾಡಿನಿಂದ ಹೋದ ಎಳೆಯ ಸಂಸಾರವೊಂದು ಅದರಿಂದ ಎರಡು ಮೂರು ಕಿಲೋಮೀಟರ್ ದೂರದಲ್ಲಿ ಬಾಡಿಗೆಗೆ ಮನೆ ಹಿಡಿದಿದೆ ಎಂದು ಭಾವಿಸಬಹುದು. ಗಂಡ ಬೆಳಿಗ್ಗೆ ಕಾರು ತೆಗೆದುಕೊಂಡು ಕಚೇರಿಗೆ ಹೋದ. ಹೆಂಡತಿಯ ವೀಸಾ ಅವಲಂಬಿತರ ವೀಸಾ. 2015ರ ನಿಯಮದ ನಂತರ ಅಂಥವರಲ್ಲಿ ಕೆಲವರಿಗೆ ದುಡಿಯುವ ಅನುಮತಿ ದೊರೆಯಿತಾದರೂ ಎಲ್ಲರಿಗೂ ಅಲ್ಲ. ಆಕೆಗೆ ಕೊತ್ತಂಬರಿ ಸೊಪ್ಪು ಬೇಕಾಗಿದೆ. ಊರಿನಲ್ಲಾದರೆ ಎರಡು ಕಿಲೋಮೀಟರ್ ನಡಿಗೆ ಲೆಕ್ಕಕ್ಕೇ ಇಲ್ಲ.

ಬೀದಿಗಳ ಬದಿಯಲ್ಲಿ ಸಾಮಾನ್ಯವಾಗಿ ಕಾಲುಹಾದಿ ಇರುತ್ತದೆ. ಇಲ್ಲವೆಂದು ಹೇಳುವುದು ತಪ್ಪಾಗುತ್ತದೆ. ಅದರ ಮೇಲೆ ಮನುಷ್ಯರಿರುವುದಿಲ್ಲ, ಅಷ್ಟೆ. ಪಕ್ಕದಲ್ಲಿ ಆರು ಸಾಲುಗಳ ರಸ್ತೆ. ದಾಟುವ ಜಾಗಗಳ ನಡುವಿನ ಅಂತರ ಹಲವೆಡೆ ಅರ್ಧ ಕಿಲೋಮೀಟರಿನಷ್ಟು. ಅಲ್ಲಿಗೆ ತಲುಪಿ ಕಂಬದ ಗುಂಡಿಯೊತ್ತಿ ನಡೆಯಲು ಅನುಮತಿ ಬೇಡಬೇಕು. ಅನೇಕ ಕಡೆ ಗುಂಡಿ ಒತ್ತದಿದ್ದರೆ ನಡೆಯುವವರ ದೀಪ ಹತ್ತುವುದೇ ಇಲ್ಲ. ದೀಪ ಹತ್ತಿದರೂ, ಕೆಂಪು ದೀಪದಲ್ಲಿ ನಿಂತು ನೋಡಿ ಬಲಕ್ಕೆ ತಿರುಗಲು ಕಾರುಗಳಿಗೆ ಕಾನೂನಿನ ಅವಕಾಶವಿರುವುದರಿಂದ, ಚಾಲಕನ ಕಣ್ಣು ಎಡದಿಂದ ಬರುವ ಕಾರಿನ ಮೇಲಿರುತ್ತದೆಯೇ ಹೊರತು ಬಲದಲ್ಲಿ ಹೆಜ್ಜೆ ಇಡುತ್ತಿರುವವರ ಮೇಲಲ್ಲ. ಎಲ್ಲವನ್ನೂ ದಾಟಿ ಅಂಗಡಿಯ ಎದುರು ಬಂದರೆ, ಅಂಗಡಿ ರಸ್ತೆಯ ಬದಿಯಲ್ಲಿಲ್ಲ. ರಸ್ತೆಗೂ ಅಂಗಡಿಗೂ ನಡುವೆ ಒಂದು ಗದ್ದೆ ಬಯಲಿನಷ್ಟು ಡಾಂಬರು. ಕಾರುಗಳು ಹಿಂದಕ್ಕೂ ಮುಂದಕ್ಕೂ ಸರಿಯುತ್ತಿರುವ ಆ ಬಯಲಿನಲ್ಲಿ ನಡೆಯುವವರಿಗೆಂದು ಗೆರೆ ಎಳೆದಿರುವುದು ಅಪರೂಪ.

ಸಿಗ್ನಲ್ ಇಲ್ಲದೆಡೆ ರಸ್ತೆ ದಾಟಿದರೆ ಕ್ಯಾಲಿಫೋರ್ನಿಯದಲ್ಲಿ ದಂಡ ತೆರಬೇಕಿತ್ತು. 2022ರಲ್ಲಿ ಅಂಗೀಕಾರವಾಗಿ 2023ರ ಜನವರಿಯಿಂದ ಜಾರಿಗೆ ಬಂದ ಕಾಯಿದೆಯು, ತತ್‌ಕ್ಷಣದ ಅಪಾಯವಿಲ್ಲದಿದ್ದರೆ ಹಾಗೆ ದಾಟಿದವರಿಗೆ ದಂಡ ವಿಧಿಸುವಂತಿಲ್ಲ ಎಂದಿತು. ಆ ಕಾಯಿದೆಗೆ ‘ನಡೆಯುವ ಸ್ವಾತಂತ್ರ್ಯ’ದ ಹೆಸರು. ಇಪ್ಪತ್ತೊಂದನೆಯ ಶತಮಾನದಲ್ಲಿ, ಜಗತ್ತಿನ ಅತಿ ಶ್ರೀಮಂತ ರಾಜ್ಯಗಳಲ್ಲಿ ಒಂದರಲ್ಲಿ, ನಡೆಯುವುದಕ್ಕೆ ಸ್ವಾತಂತ್ರ್ಯ ಕೊಡಲು ಶಾಸನ ಬೇಕಾಯಿತು. ಅದೇ 2023ರಲ್ಲಿ ಲಾಸ್ ಏಂಜಲಿಸ್ ನಗರದ ರಸ್ತೆಗಳಲ್ಲಿ 300ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ನಡೆದು ಹೋಗುತ್ತಿದ್ದವರು.

ಹಾಗಾದರೆ ಆಕೆ ಕಾರು ಕಲಿಯಬಾರದೇಕೆ ಎಂದು ಕೇಳಬಹುದು. ಕಲಿಯುತ್ತಾಳೆ, ಬಹುತೇಕ ಎಲ್ಲರೂ ಕಲಿಯುತ್ತಾರೆ. ಆ ರಾಜ್ಯದಲ್ಲಿ ನೆಲೆಸಿದವರು ವಾಹನ ನಡೆಸಬೇಕಾದರೆ ಹತ್ತು ದಿನಗಳೊಳಗೆ ಅಲ್ಲಿನ ಪರವಾನಗಿಗೆ ಅರ್ಜಿ ಹಾಕಬೇಕೆಂಬ ನಿಯಮವಿದೆ. ಬರಹದ ಪರೀಕ್ಷೆ, ಆಮೇಲೆ ರಸ್ತೆಯ ಪರೀಕ್ಷೆ. ಬಳಿಕ ಮನೆಗೆ ಎರಡನೆಯ ಕಾರು ಬರುತ್ತದೆ. ಅಮೆರಿಕನ್ ಆಟೊಮೊಬೈಲ್ ಅಸೋಸಿಯೇಷನ್ನಿನ 2024ರ ಲೆಕ್ಕದಂತೆ ಹೊಸ ಕಾರೊಂದನ್ನು ಇಟ್ಟುಕೊಳ್ಳುವ ವಾರ್ಷಿಕ ವೆಚ್ಚ, ಸವಕಳಿ, ವಿಮೆ, ಇಂಧನ, ಬಡ್ಡಿ ಎಲ್ಲವೂ ಸೇರಿ, ಸುಮಾರು 12,000 ಡಾಲರು. ಹೊಸಬರು ‘ಅನುಕೂಲ’ ಎಂದು ಕರೆಯುವ ಇದು ವಾಸ್ತವದಲ್ಲಿ ಪ್ರವೇಶ ಶುಲ್ಕ. ಅದನ್ನು ತೆರಲಾಗದವರು, ಕಣ್ಣು ಮಂಜಾದವರು, ಹದಿನಾರು ತುಂಬದವರು, ಊರಿನಿಂದ ಬಂದ ಅತ್ತೆ ಮಾವಂದಿರು ಆ ನಗರದಲ್ಲಿ ಸಾಗಿಸಲ್ಪಡುವ ಸಾಮಾನುಗಳಾಗುತ್ತಾರೆ.

ಇನ್ನು ಬಸ್ಸು. ಲಾಸ್ ಏಂಜಲಿಸಿನಲ್ಲಿ ಬಸ್ಸಿಲ್ಲ ಎಂಬುದು ಕಾರಿನಲ್ಲಿ ಓಡಾಡುವವರು ಹರಡಿದ ಕಥೆ. ಮೆಟ್ರೊ ಸಂಸ್ಥೆಯ ಬಳಿ ಸುಮಾರು ಎರಡು ಸಾವಿರ ಬಸ್ಸುಗಳಿವೆ. ವಿಲ್ಶೈರ್, ವರ್ಮಾಂಟ್‌ನಂಥ ದೊಡ್ಡ ಬೀದಿಗಳಲ್ಲಿ ಹಗಲಿನಲ್ಲಿ ಹತ್ತು ನಿಮಿಷಕ್ಕೊಂದಾದರೂ ಬರುತ್ತದೆ. ಟ್ಯಾಪ್ ಎಂಬ ಒಂದೇ ಕಾರ್ಡು ಇಪ್ಪತ್ತಕ್ಕೂ ಹೆಚ್ಚು ಸಂಸ್ಥೆಗಳ ಬಸ್ಸು ರೈಲುಗಳಲ್ಲಿ ನಡೆಯುತ್ತದೆ. 2023ರ ಜುಲೈನಲ್ಲಿ ಮೆಟ್ರೊ ಜಾರಿಗೆ ತಂದ ನಿಯಮದಂತೆ ಒಂದು ಪ್ರಯಾಣಕ್ಕೆ 1.75 ಡಾಲರು, ಎರಡು ಗಂಟೆಗಳೊಳಗೆ ಬಸ್ಸು ಬದಲಿಸಿದರೆ ಮತ್ತೆ ದರವಿಲ್ಲ, ದಿನಕ್ಕೆ 5 ಡಾಲರು ಮುಟ್ಟಿದ ಮೇಲೆ ಉಳಿದ ಪ್ರಯಾಣ ಉಚಿತ. ಬಸ್ಸಿನ ಮೂತಿಗೆ ಸೈಕಲ್ ಸಿಕ್ಕಿಸುವ ಕಬ್ಬಿಣದ ಚೌಕಟ್ಟು ಇರುತ್ತದೆ. ಮಂಡಿ ನೋವಿನವರು ಕೈ ತೋರಿದರೆ ಬಸ್ಸೇ ಒಂದು ಬದಿಗೆ ಬಾಗಿ ಮೆಟ್ಟಿಲನ್ನು ತಗ್ಗಿಸುತ್ತದೆ. ಗಾಲಿಕುರ್ಚಿಗೆ ಹಲಗೆ ಚಾಚುತ್ತದೆ. 1990ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಫಲವಿದು. ಚಾಲಕ ಆ ಮನುಷ್ಯ ಕುಳಿತು ಪಟ್ಟಿ ಬಿಗಿಯುವವರೆಗೆ ಕಾಯುತ್ತಾನೆ, ಬಸ್ಸಿನಲ್ಲಿದ್ದವರು ಯಾರೂ ಗೊಣಗುವುದಿಲ್ಲ. ಮಲೆನಾಡಿನ ಖಾಸಗಿ ಬಸ್ಸಿನ ಎತ್ತರದ ಮೆಟ್ಟಿಲಿಗೆ ಅಜ್ಜಿಯನ್ನು ಇಬ್ಬರು ಹಿಡಿದು ಹತ್ತಿಸುವ ದೃಶ್ಯವನ್ನು ಕಂಡವರಿಗೆ ಇದು ಸಣ್ಣ ಸಂಗತಿಯೆನಿಸಲಾರದು.

ತೊಂದರೆ ಇರುವುದು ಹೊರವಲಯದಲ್ಲಿ. ಅಲ್ಲಿ ಬಸ್ಸು ಅರ್ಧ ಗಂಟೆಗೆ, ಕೆಲವೆಡೆ ಗಂಟೆಗೆ ಒಂದು. ಕಾಯುವುದು ಕಂಬವೊಂದರ ಬುಡದಲ್ಲಿ. ಬಹುಪಾಲು ನಿಲ್ದಾಣಗಳಿಗೆ ಸೂರಿಲ್ಲ. ಬೇಸಿಗೆಯ ಬಿಸಿಲಿನಲ್ಲಿ ನೆರಳು ಹುಡುಕಿದರೆ, ಸಿನಿಮಾಗಳಲ್ಲಿ ಆ ನಗರದ ಗುರುತಾಗಿಬಿಟ್ಟಿರುವ ಎತ್ತರದ ತಾಳೆ ಜಾತಿಯ ಮರಗಳು ಸಾಲಾಗಿ ನಿಂತಿವೆ. ಮುಖ್ಯವಾಗಿ 1930ರ ದಶಕದಲ್ಲಿ ಬೀದಿಬೀದಿಗಳಲ್ಲಿ ನೆಟ್ಟವು. ಕಾರಿನ ಕಿಟಕಿಯಿಂದ ನೋಡಲು ಅವು ಸೊಗಸು. ಅವುಗಳ ಬುಡದಲ್ಲಿ ನೆರಳು ಕಾಯುವುದೆಂದರೆ ಒಂಟಿ ಅಡಿಕೆ ಮರದ ಕೆಳಗೆ ಮಧ್ಯಾಹ್ನ ಕಳೆದಂತೆ. ನಿಜವಾಗಿ ನೆರಳು ಕೊಡುವ ಆಲದ ಜಾತಿಯ ಮರಗಳನ್ನೂ ನೆಟ್ಟಿದ್ದಾರೆ. ಆದರೆ ಬೇರಿಗೆ ಮಣ್ಣು ಬಿಡದೆ ಕಾಂಕ್ರೀಟಿನ ಕಿರಿದಾದ ಚೌಕದೊಳಗೆ. ಬೇರು ತನ್ನ ಧರ್ಮದಂತೆ ಕಾಲುಹಾದಿಯನ್ನು ಎತ್ತಿ ಒಡೆಯಿತು. ಗಾಲಿಕುರ್ಚಿಯ ಬಳಕೆದಾರರು ಮೊಕದ್ದಮೆ ಹೂಡಿದರು. 2016ರಲ್ಲಿ ಅಂತಿಮಗೊಂಡ ಒಪ್ಪಂದದಂತೆ ನಗರಾಡಳಿತವು 30 ವರ್ಷಗಳಲ್ಲಿ ಸುಮಾರು 140 ಕೋಟಿ ಡಾಲರು ವೆಚ್ಚ ಮಾಡಿ ಕಾಲುಹಾದಿಗಳನ್ನು ಸರಿಪಡಿಸಬೇಕಾಯಿತು. ಗಿಡ ನೆಡುವ ಮುನ್ನ ಬೇರಿನ ವಿಸ್ತಾರವನ್ನು ಯಾರಾದರೂ ತೋಟಗಾರನನ್ನು ಕೇಳಿದ್ದರೆ ಎಷ್ಟು ಉಳಿಯುತ್ತಿತ್ತೋ.

ಆ ಬಸ್ಸುಗಳಲ್ಲಿ ಕೂರುವವರು ಯಾರು? ಹೋಟೆಲಿನ ಕೋಣೆ ಗುಡಿಸುವ, ಪರರ ಮಕ್ಕಳನ್ನು ನೋಡಿಕೊಳ್ಳುವ, ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ವಲಸೆಗಾರರು, ಕರಿಯರು, ವಿದ್ಯಾರ್ಥಿಗಳು, ವೃದ್ಧರು. 1994ರಲ್ಲಿ ಸಾರಿಗೆ ಸಂಸ್ಥೆ ದರ ಹೆಚ್ಚಿಸಿ ಮಾಸಿಕ ಪಾಸನ್ನು ರದ್ದುಗೊಳಿಸಲು ಹೊರಟಾಗ, ಬಸ್ ಪ್ರಯಾಣಿಕರ ಸಂಘವು ನ್ಯಾಯಾಲಯದ ಮೆಟ್ಟಿಲು ಹತ್ತಿತು. ಶ್ರೀಮಂತ ಹೊರವಲಯಗಳ ರೈಲಿಗೆ ಹಣ, ಬಡವರ ಬಸ್ಸಿಗೆ ನೂಕುನುಗ್ಗಲು. ಇದು ಜನಾಂಗ ತಾರತಮ್ಯ ಎಂಬುದು ಅವರ ವಾದ. 1996ರಲ್ಲಿ ಹತ್ತು ವರ್ಷಗಳ ಅವಧಿಯ ಒಪ್ಪಂದವಾಯಿತು. ಪಾಸು ಉಳಿಯಿತು, ನೂಕುನುಗ್ಗಲನ್ನು ತಗ್ಗಿಸಲು ಹೊಸ ಬಸ್ಸುಗಳನ್ನು ಕೊಳ್ಳಬೇಕಾಯಿತು. ಬಸ್ಸಿನ ಒಳಗೇ ಸದಸ್ಯರನ್ನು ಸೇರಿಸಿಕೊಂಡು, ಹಲವು ಭಾಷೆಗಳಲ್ಲಿ ಕರಪತ್ರ ಹಂಚಿ ನಡೆಸಿದ ಈ ಚಳವಳಿಗೆ ಪರಿಸರದ ಇತಿಹಾಸದಲ್ಲಿ ಸಿಗಬೇಕಾದ ಸ್ಥಾನ ಇನ್ನೂ ಸಿಕ್ಕಿಲ್ಲ.

ಈ ನಗರ ಹುಟ್ಟಿನಿಂದ ಹೀಗಿರಲಿಲ್ಲ. 1901ರಲ್ಲಿ ಹೆನ್ರಿ ಹಂಟಿಂಗ್ಟನ್ ಆರಂಭಿಸಿದ ಪೆಸಿಫಿಕ್ ಎಲೆಕ್ಟ್ರಿಕ್ ಕಂಪನಿಯ ಕೆಂಪು ವಿದ್ಯುತ್ ರೈಲುಗಳು, ತಮ್ಮ ಉಚ್ಛ್ರಾಯದ ದಿನಗಳಲ್ಲಿ ಸುಮಾರು 1,600 ಕಿಲೋಮೀಟರ್ ಹಳಿಯ ಮೇಲೆ ಓಡುತ್ತಿದ್ದವು. ಸಮುದ್ರತೀರದಿಂದ ಕಿತ್ತಳೆ ತೋಟಗಳವರೆಗೆ, ಅಲ್ಲಿಂದ ಬೆಟ್ಟದ ಬುಡದವರೆಗೆ ಹೋಗಬಹುದಿತ್ತು. ನಗರದೊಳಗೆ ಹಳದಿ ಟ್ರಾಮುಗಳಿದ್ದವು. ಕೊನೆಯ ಕೆಂಪು ರೈಲು 1961ರಲ್ಲಿ ನಿಂತಿತು. ಕೊನೆಯ ಹಳದಿ ಟ್ರಾಮು 1963ರಲ್ಲಿ.

ಕಾರು ಮತ್ತು ಟೈರು ಕಂಪನಿಗಳು ಪಿತೂರಿ ನಡೆಸಿ ರೈಲನ್ನು ಕೊಂದವು ಎಂಬ ಕಥೆ ಪರಿಸರ ವಲಯಗಳಲ್ಲಿ ಬಹಳ ಪ್ರಿಯವಾದುದು. ಅದರಲ್ಲಿ ಸತ್ಯಾಂಶವಿದೆ. ಜನರಲ್ ಮೋಟರ್ಸ್, ಫೈರ್‌ಸ್ಟೋನ್, ಸ್ಟ್ಯಾಂಡರ್ಡ್ ಆಯಿಲ್ ಆಫ್ ಕ್ಯಾಲಿಫೋರ್ನಿಯ ಮುಂತಾದವುಗಳ ಹಣದ ಬೆಂಬಲವಿದ್ದ ನ್ಯಾಷನಲ್ ಸಿಟಿ ಲೈನ್ಸ್ 1945ರಲ್ಲಿ ಹಳದಿ ಟ್ರಾಮಿನ ಕಂಪನಿಯನ್ನು ಕೊಂಡಿತು. 1949ರಲ್ಲಿ, ಬಸ್ಸು ಹಾಗೂ ಇಂಧನ ಮಾರಾಟದಲ್ಲಿ ಏಕಸ್ವಾಮ್ಯಕ್ಕೆ ಸಂಚು ನಡೆಸಿದ ಅಪರಾಧ ಸಾಬೀತಾಗಿ, ಕಂಪನಿಗಳಿಗೆ ತಲಾ 5,000 ಡಾಲರು, ಅಧಿಕಾರಿಗಳಿಗೆ ತಲಾ ಒಂದೇ ಒಂದು ಡಾಲರು ದಂಡ ಬಿತ್ತು. ಆದರೆ ಕೆಂಪು ರೈಲು ಆ ಕಂಪನಿಯದಾಗಿರಲಿಲ್ಲ. ಉಳಿದಿದ್ದ ಕೊನೆಯ ಮಾರ್ಗಗಳನ್ನು ಮುಚ್ಚಿದ್ದು 1958ರಲ್ಲಿ ಅವುಗಳನ್ನು ವಹಿಸಿಕೊಂಡ ಸಾರ್ವಜನಿಕ ಪ್ರಾಧಿಕಾರವೇ. ಹಂಟಿಂಗ್ಟನ್ ಹಳಿ ಹಾಕಿದ್ದು ಕೂಡ ಜನಸೇವೆಗಲ್ಲ, ಹಳಿಯ ಬದಿಯ ಜಮೀನನ್ನು ನಿವೇಶನಗಳಾಗಿ ಮಾರುವುದಕ್ಕೆ. ನಿವೇಶನ ಮಾರಿ ಮುಗಿದ ಮೇಲೆ ರೈಲು ನಷ್ಟದ ಬಾಬ್ತಾಯಿತು. ರಸ್ತೆಯ ಮಧ್ಯೆ ಕಾರುಗಳ ದಟ್ಟಣೆಯಲ್ಲಿ ಸಿಲುಕಿದ ಗಾಡಿಗಳು ನಿಧಾನವಾದವು, ಪ್ರಯಾಣಿಕರು ಕೈಬಿಟ್ಟರು, ಮತದಾರರು ಹಣ ಕೊಡಲಿಲ್ಲ. ಖಳನಾಯಕನೊಬ್ಬ ಸಿಕ್ಕರೆ ಚಳವಳಿಗೆ ಅನುಕೂಲ; ಇಲ್ಲಿ ಮಾತ್ರ ಹತ್ತಾರು ಸಣ್ಣ ತೀರ್ಮಾನಗಳು ಸೇರಿ ಕೆಲಸ ಮುಗಿಸಿದವು.

ಆ ಸಣ್ಣ ತೀರ್ಮಾನಗಳಲ್ಲಿ ಅತ್ಯಂತ ನೀರಸವಾದುದೇ ಅತ್ಯಂತ ಪರಿಣಾಮಕಾರಿ: ಕಾರು ನಿಲುಗಡೆಯ ನಿಯಮ. ಕಟ್ಟಡ ಕಟ್ಟುವವರು ಇಂತಿಷ್ಟು ಕಾರುಗಳಿಗೆ ಜಾಗ ಒದಗಿಸಲೇಬೇಕೆಂದು ನಗರಗಳು ಕಡ್ಡಾಯ ಮಾಡಿದವು. ಲಾಸ್ ಏಂಜಲಿಸಿನಲ್ಲಿ ಹೋಟೆಲಿನ ಪ್ರತಿ 100 ಚದರ ಅಡಿಗೆ ಒಂದು ಕಾರಿನ ಜಾಗವೆಂಬ ನಿಯಮವಿತ್ತು. ಒಂದು ಕಾರು ನಿಲ್ಲಲು, ತಿರುಗಲು ಸೇರಿ ಸುಮಾರು 300 ಚದರ ಅಡಿ ಬೇಕು. ಉಣ್ಣುವವರಿಗಿಂತ ಅವರ ಕಾರುಗಳಿಗೆ ಮೂರು ಪಟ್ಟು ಜಾಗ! ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಡೊನಾಲ್ಡ್ ಶೂಪ್, 2025ರಲ್ಲಿ ನಿಧನರಾದ ವಿದ್ವಾಂಸರು, ಜೀವಮಾನವಿಡೀ ಈ ಒಂದು ವಿಷಯವನ್ನೇ ಅಭ್ಯಸಿಸಿ 2005ರಲ್ಲಿ ಬೃಹತ್ ಗ್ರಂಥವೊಂದನ್ನು ಹೊರತಂದರು. ಪುಕ್ಕಟೆ ನಿಲುಗಡೆ ಎಂಬುದಿಲ್ಲ, ಅದರ ಬೆಲೆಯನ್ನು ಬಾಡಿಗೆಯಲ್ಲಿ, ದಿನಸಿಯ ದರದಲ್ಲಿ ಕಾರಿಲ್ಲದವರೂ ತೆರುತ್ತಾರೆ ಎಂಬುದು ಅವರ ವಾದದ ತಿರುಳು. 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಂತೆ ಲಾಸ್ ಏಂಜಲಿಸ್ ಕೌಂಟಿಯಲ್ಲಿ ಒಟ್ಟು 1 ಕೋಟಿ 86 ಲಕ್ಷ ನಿಲುಗಡೆ ಸ್ಥಳಗಳಿದ್ದವು. ನಗರಾಡಳಿತಗಳಿಗೆ ಸೇರಿದ ನೆಲದ ಶೇಕಡಾ 14ರಷ್ಟು. ಮೊದಲು ಹೇಳಿದ ಹೆಣ್ಣುಮಗಳು ಕೊತ್ತಂಬರಿ ಸೊಪ್ಪಿಗಾಗಿ ದಾಟಿದ ಡಾಂಬರಿನ ಬಯಲನ್ನು ಮಾರುಕಟ್ಟೆಯಾಗಲಿ ಜನರ ಇಷ್ಟವಾಗಲಿ ಹುಟ್ಟಿಸಿದ್ದಲ್ಲ, ಕಾನೂನು ಹುಟ್ಟಿಸಿತು.

ಡಾಂಬರಿನ ಅಡಿಯಲ್ಲಿ ಏನಿತ್ತು ಎಂಬುದನ್ನು ಕೃಷಿಕರು ಸೇರಿದ ಸಭೆಯಲ್ಲಿ ಹೇಳದೆ ಮುಂದೆ ಹೋಗಲಾಗದು. 1910ರ ದಶಕದಿಂದ 1940ರ ದಶಕದ ಕೊನೆಯವರೆಗೂ, ಬೆಳೆಯ ಮೌಲ್ಯದಲ್ಲಿ ಇಡೀ ಅಮೆರಿಕದ ಕೌಂಟಿಗಳ ಪೈಕಿ ಮೊದಲ ಸ್ಥಾನ ಲಾಸ್ ಏಂಜಲಿಸಿನದು. ಕಿತ್ತಳೆ, ನಿಂಬೆ, ಅಕ್ರೋಟು, ತರಕಾರಿ, ಹಾಲು. ಆರ್ಟೀಸಿಯಾಕ್ಕೆ ತಾಗಿಕೊಂಡಿರುವ ಸೆರಿಟೋಸ್ ಪಟ್ಟಣ 1956ರಲ್ಲಿ ಸ್ಥಾಪನೆಯಾದಾಗ ಅದರ ಹೆಸರು ‘ಡೈರಿ ವ್ಯಾಲಿ’, ಹೈನು ಕಣಿವೆ. ನಿವೇಶನದ ದಾಳಿಯಿಂದ ಕೊಟ್ಟಿಗೆಗಳನ್ನು ಉಳಿಸಿಕೊಳ್ಳಲೆಂದೇ ರೈತರು ಪುರಸಭೆ ಕಟ್ಟಿಕೊಂಡಿದ್ದರು. ಜನರಿಗಿಂತ ಹಸುಗಳ ಸಂಖ್ಯೆ ಅನೇಕ ಪಟ್ಟು ಹೆಚ್ಚಿತ್ತು. ನೆಲದ ಬೆಲೆ ಏರಿತು, ರೈತರು ಮಾರಿ ಒಳನಾಡಿಗೆ ಸರಿದರು, 1967ರಲ್ಲಿ ಊರಿನ ಹೆಸರೂ ಬದಲಾಯಿತು. ಹಸು ನಿಂತ ಜಾಗದಲ್ಲಿ ಈಗ ಕಾರು ನಿಲ್ಲುತ್ತದೆ.

ಕಾರಿನ ಅಪಾಯವನ್ನು ಮೊದಲು ಸಾರಿದವೂ ಬೆಳೆಗಳೇ. 1943ರ ಜುಲೈನಲ್ಲಿ ನಗರದ ಮೇಲೆ ಕಣ್ಣು ಉರಿಸುವ ಮಬ್ಬು ಕವಿಯಿತು. ಯುದ್ಧದ ದಿನಗಳು, ಜಪಾನೀಯರ ವಿಷಾನಿಲದ ದಾಳಿಯೆಂದು ಕೆಲವರು ಹೆದರಿದರು. ಆಮೇಲೆ ಕೃತಕ ರಬ್ಬರಿನ ಕಾರ್ಖಾನೆಯೊಂದರ ಮೇಲೆ ಆಪಾದನೆ ಬಂದಿತು, ಅದರ ಕೆಲಸ ನಿಲ್ಲಿಸಿದರೂ ಮಬ್ಬು ಹೋಗಲಿಲ್ಲ. ಇತ್ತ 1944ರ ಸುಮಾರಿಗೆ ತರಕಾರಿ ಬೆಳೆಗಾರರು ಪಾಲಕ್, ಲೆಟ್ಯೂಸ್, ಬೀಟ್ ಎಲೆಗಳ ಕೆಳಮೈ ಬೆಳ್ಳಿಯಂತೆ, ಕಂಚಿನಂತೆ ಮಿರುಗಿ ಆಮೇಲೆ ಒಣಗುವುದನ್ನು ಕಂಡರು. ಶಿಲೀಂಧ್ರವಲ್ಲ, ಕೀಟವಲ್ಲ, ಪೋಷಕಾಂಶದ ಕೊರತೆಯೂ ಅಲ್ಲ. ಕಲ್ಲಿದ್ದಲಿನ ಹೊಗೆಯ ಗಂಧಕದಿಂದ ಆಗುವ ಗಾಯದ ಲಕ್ಷಣವೂ ಅದಾಗಿರಲಿಲ್ಲ.

ಪ್ಯಾಸಡೀನಾದ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ಏರಿ ಹಾಗೆನ್-ಸ್ಮಿಟ್ ಎಂಬ ಡಚ್ ಮೂಲದ ಜೀವರಸಾಯನ ವಿಜ್ಞಾನಿ ಆಗ ಅನಾನಸಿನ ಪರಿಮಳಕ್ಕೆ ಕಾರಣವಾದ ದ್ರವ್ಯಗಳನ್ನು ಬೇರ್ಪಡಿಸುತ್ತಿದ್ದರು. ಅದೇ ವಿಧಾನದಿಂದ ಅವರು ಊರಿನ ಗಾಳಿಯನ್ನು ತಣಿಸಿ, ಸಾಂದ್ರಗೊಳಿಸಿ ಪರೀಕ್ಷಿಸಿದರು. ಪೆಟ್ರೋಲಿನ ಆವಿ, ಎಂಜಿನ್ನಿನಿಂದ ಹೊಮ್ಮುವ ಸಾರಜನಕದ ಆಕ್ಸೈಡುಗಳು ಮತ್ತು ಸೂರ್ಯನ ಬೆಳಕು ಕೂಡಿದರೆ ಓಜೋನ್ ಹುಟ್ಟುತ್ತದೆ ಎಂಬುದನ್ನು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಮುಚ್ಚಿದ ಕೋಣೆಯಲ್ಲಿ ಗಿಡಗಳಿಗೆ ಈ ಮಿಶ್ರಣವನ್ನು ಊಡಿಸಿದಾಗ ಹೊಲದಲ್ಲಿ ಕಂಡ ಗಾಯವೇ ಮೂಡಿತು. ಓಜೋನನ್ನು ಅಳೆಯಲು ಅವರು ಬಳಸಿದ್ದು ಬಾಗಿಸಿ ಕಟ್ಟಿದ ರಬ್ಬರಿನ ತುಂಡು. ಗಾಳಿ ಕೆಟ್ಟಷ್ಟೂ ಅದು ಬೇಗ ಬಿರುಕು ಬಿಡುತ್ತಿತ್ತು. ತೈಲೋದ್ಯಮದ ಹಣದಿಂದ ನಡೆದ ಸಂಶೋಧನೆ ಈ ತೀರ್ಮಾನವನ್ನು ವರ್ಷಗಳ ಕಾಲ ಅಲ್ಲಗಳೆಯಿತು. 1967ರಲ್ಲಿ ರಚನೆಯಾದ ಕ್ಯಾಲಿಫೋರ್ನಿಯದ ವಾಯು ಸಂಪನ್ಮೂಲ ಮಂಡಳಿಗೆ ಹಾಗೆನ್-ಸ್ಮಿಟ್ ಅವರೇ ಮೊದಲ ಅಧ್ಯಕ್ಷರಾದರು.

ಬೆಟ್ಟಗಳ ಮಾತು ಈಗ ಬರುತ್ತದೆ. ಸಮುದ್ರದ ತಣ್ಣನೆಯ ಗಾಳಿಯ ಮೇಲೆ ಬಿಸಿಗಾಳಿಯ ಪದರವೊಂದು ಮುಚ್ಚಳದಂತೆ ಕೂರುವುದರಿಂದ ನಗರದ ಹೊಗೆ ಮೇಲಕ್ಕೆ ಏಳಲಾರದು. ಅದು ಪೂರ್ವಕ್ಕೆ ಸರಿದು ಬೆಟ್ಟಗಳಿಗೆ ಒರಗುತ್ತದೆ. ನಗರದಿಂದ ನೂರು ಕಿಲೋಮೀಟರಿನಷ್ಟು ದೂರದ ಸ್ಯಾನ್ ಬರ್ನಾರ್ಡಿನೊ ಪರ್ವತಗಳಲ್ಲಿ 1950ರ ದಶಕದಿಂದಲೇ ಪಾಂಡರೋಸ ಪೈನ್ ಮರಗಳ ಎಲೆಗಳು ಹಳದಿಯಾಗಿ ಅಕಾಲದಲ್ಲಿ ಉದುರತೊಡಗಿದವು. ಕಾರಣ ತಿಳಿಯದೆ ಅದನ್ನು ‘ಎಕ್ಸ್ ರೋಗ’ ಎಂದು ಕರೆದರು. 1960ರ ದಶಕದಲ್ಲಿ ಅದು ಓಜೋನಿನ ಕೆಲಸವೆಂದು ಸ್ಥಿರಪಟ್ಟಿತು. ಪತ್ರರಂಧ್ರಗಳ ಮೂಲಕ ಒಳಹೊಕ್ಕು ಕೋಶದ ಪೊರೆಯನ್ನು ಕೆಡಿಸಿ, ಆಹಾರ ತಯಾರಿಕೆಯನ್ನೇ ಕುಗ್ಗಿಸುತ್ತದೆ. ಹೀಗೆ ಸೊರಗಿದ ಮರಗಳಿಗೆ ತೊಗಟೆ ಕೊರೆಯುವ ಕೀಟ ಬಿದ್ದು ಕೊನೆಗಾಣಿಸಿತು. ಸತ್ತ ಮರದ ಬುಡದಲ್ಲಿ ಕೀಟವಷ್ಟೇ ಕಾಣುತ್ತದೆ. ನೂರು ಕಿಲೋಮೀಟರ್ ಆಚೆಯ ಕಾರು ಕಾಣುವುದಿಲ್ಲ. ಎಂಜಿನ್ನುಗಳ ಮೇಲಿನ ನಿಯಂತ್ರಣದಿಂದ ಗಾಳಿ 1970ರ ದಶಕಕ್ಕಿಂತ ಬಹಳ ಸುಧಾರಿಸಿದೆ. ಆದರೂ ಅಮೆರಿಕದ ಶ್ವಾಸಕೋಶ ಸಂಘದ 2025ರ ವರದಿ ಓಜೋನಿನ ವಿಷಯದಲ್ಲಿ ಇದೇ ಪ್ರದೇಶವನ್ನು ದೇಶದಲ್ಲಿ ಅತಿ ಕಲುಷಿತವೆಂದು ಹೆಸರಿಸಿತು.

ದಟ್ಟಣೆಗೆ ರಸ್ತೆ ಅಗಲಿಸುವುದೇ ಮದ್ದು ಎಂಬ ನಂಬಿಕೆಯನ್ನು ಅಲ್ಲಿ ದುಬಾರಿ ದರದಲ್ಲಿ ಪರೀಕ್ಷಿಸಲಾಗಿದೆ. ಬೆಟ್ಟದ ಕಣಿವೆಯೊಂದರಲ್ಲಿ ಹಾಯುವ 405ನೇ ಸಂಖ್ಯೆಯ ಹೆದ್ದಾರಿಗೆ ಸುಮಾರು 16 ಕಿಲೋಮೀಟರ್ ಉದ್ದಕ್ಕೆ ಒಂದು ಸಾಲು ಸೇರಿಸಲು ನೂರು ಕೋಟಿ ಡಾಲರಿಗೂ ಹೆಚ್ಚು ವೆಚ್ಚವಾಯಿತು. ಕೆಲಸ 2014ರಲ್ಲಿ ಮುಗಿಯಿತು. ಜನದಟ್ಟಣೆಯ ವೇಳೆಯ ಪ್ರಯಾಣದ ಅವಧಿ ಇಳಿಯಲಿಲ್ಲ. ಇದು ತುಂಗಭದ್ರಾ ಎಡದಂಡೆ ಕಾಲುವೆಯ ಕಥೆ ಬಲ್ಲವರಿಗೆ ಸೋಜಿಗವೆನಿಸದು. ಜೋಳ, ಹತ್ತಿಯಂಥ ಮಿತ ನೀರಾವರಿ ಬೆಳೆಗಳಿಗೆಂದು ಯೋಜಿಸಿದ ನೀರು ಮೇಲ್ಭಾಗದಲ್ಲಿ ಭತ್ತವಾಯಿತು. ರಾಯಚೂರಿನ ಕೊನೆಯ ಹೊಲಗಳು ಒಣಗಿಯೇ ಉಳಿದವು. ನೀರು ಬಿಟ್ಟಷ್ಟೂ ಭತ್ತ, ಸಾಲು ಸೇರಿಸಿದಷ್ಟೂ ಕಾರು.

ಕಾರನ್ನೇ ನಂಬಿದ ಬೆಟ್ಟದ ಬಡಾವಣೆಗೆ ಏನಾಗಬಹುದೆಂಬುದು 2025ರ ಜನವರಿ 7ರಂದು ತಿಳಿಯಿತು. ಪೆಸಿಫಿಕ್ ಪ್ಯಾಲಿಸೇಡ್ಸ್‌ಗೆ ಕಾಡ್ಗಿಚ್ಚು ಇಳಿದಾಗ ಎಲ್ಲರೂ ಒಮ್ಮೆಗೇ ಕಾರುಗಳಲ್ಲಿ ಹೊರಟು ಕಿರಿದಾದ ದಾರಿಯಲ್ಲಿ ಸಿಲುಕಿದರು. ಬೆಂಕಿ ಸಮೀಪಿಸಿದಾಗ ಕಾರುಗಳನ್ನು ಅಲ್ಲೇ ಬಿಟ್ಟು ಕಾಲ್ನಡಿಗೆಯಲ್ಲಿ ಓಡಿದರು. ಅಗ್ನಿಶಾಮಕ ವಾಹನಗಳಿಗೆ ದಾರಿ ಬಿಡಿಸಲು ಬುಲ್ಡೋಜರ್ ತಂದು ಆ ಕಾರುಗಳನ್ನು ಬದಿಗೆ ನೂಕಬೇಕಾಯಿತು. ಅದೇ ದಿನ ಸ್ಯಾನ್ ಗೇಬ್ರಿಯಲ್ ಬೆಟ್ಟಗಳ ಬುಡದ ಆಲ್ಟಡೀನಾದಲ್ಲಿ ಹೊತ್ತಿಕೊಂಡ ಬೆಂಕಿಯಲ್ಲಿ ಮಡಿದವರಲ್ಲಿ ಹೆಚ್ಚಿನವರು ವೃದ್ಧರು, ಅವರಲ್ಲಿ ಹಲವರು ಸ್ವತಃ ಹೊರಟು ಹೋಗಲಾರದವರು.

ಹೊಸದಾಗಿ ನೆಲೆಸುವವರಿಗೆ ದಾರಿಯೇ ಇಲ್ಲವೆಂದಲ್ಲ. ಮನೆ ಹುಡುಕುವಾಗ ಕೋಣೆಗಳ ಸಂಖ್ಯೆಗಿಂತ ಮೊದಲು ರೈಲು ಮಾರ್ಗದ ಭೂಪಟವನ್ನು ನೋಡಿ, ಹತ್ತು ನಿಮಿಷಕ್ಕೊಂದು ಬಸ್ಸು ಬರುವ ಬೀದಿಯಿಂದ ನಡಿಗೆಯ ಅಳತೆಯಲ್ಲಿ ಬಾಡಿಗೆ ಹಿಡಿದವರು, ಸೈಕಲ್ಲನ್ನು ಜೊತೆಗಿಟ್ಟುಕೊಂಡು, ಒಂದು ಕಾರಿನಲ್ಲಿ ಅಥವಾ ಕಾರೇ ಇಲ್ಲದೆ ಸಂಸಾರ ನಡೆಸುತ್ತಾರೆ. ಮಾರಾಟ ತೆರಿಗೆಯನ್ನು ಅರ್ಧ ಸೆಂಟಿನಷ್ಟು ಹೆಚ್ಚಿಸಿ ಸಾರಿಗೆಗೆ ಕೊಡಲು ಮತದಾರರು 2008ರಲ್ಲಿ ಒಪ್ಪಿದರು, 2016ರಲ್ಲಿ ಮತ್ತೊಮ್ಮೆ ಒಪ್ಪಿದರು. 1990ರಲ್ಲಿ ಲಾಂಗ್ ಬೀಚಿಗೆ ಆರಂಭವಾದ ರೈಲು ಬಹುಮಟ್ಟಿಗೆ 1961ರಲ್ಲಿ ಸತ್ತ ಕೆಂಪು ರೈಲಿನ ದಾರಿಯಲ್ಲೇ ಓಡುತ್ತದೆ. ಪ್ರಮುಖ ಸಾರಿಗೆ ನಿಲ್ದಾಣಗಳ ಸಮೀಪ ಕಾರು ನಿಲುಗಡೆಯ ಕಡ್ಡಾಯವನ್ನು 2022ರ ರಾಜ್ಯ ಕಾಯಿದೆ ತೆಗೆದುಹಾಕಿತು. ಆರ್ಟೀಸಿಯಾದ ಪಯೊನೀರ್ ಬೀದಿಗೂ ರೈಲಿನ ಯೋಜನೆಯೊಂದಿದೆ. ಅದರ ದಕ್ಷಿಣ ತುದಿಯ ಮಾರ್ಗ, ಪೆಸಿಫಿಕ್ ಎಲೆಕ್ಟ್ರಿಕ್ ಹಳಿ ಕಿತ್ತುಹೋದ ಮೇಲೆ ಖಾಲಿ ಬಿದ್ದ ಪಟ್ಟಿಯೇ. ಕಿತ್ತದ್ದನ್ನು ಮರಳಿ ಹಾಕಲು ಎಷ್ಟು ತಲೆಮಾರು ಬೇಕೆಂಬುದಕ್ಕೆ ಬೇರೆ ಲೆಕ್ಕ ಬೇಡ.

ಕಿತ್ತುಹಾಕುವ ಕೆಲಸ ಇಲ್ಲಿಯೂ ನಡೆದಿದೆ. ಬೆಂಗಳೂರಿನಲ್ಲಿ 2016ರ ಅಕ್ಟೋಬರಿನಲ್ಲಿ ಸಾವಿರಾರು ನಾಗರಿಕರು ಮಾನವ ಸರಪಳಿ ರಚಿಸಿ ಉಕ್ಕಿನ ಮೇಲ್ಸೇತುವೆಯನ್ನು ವಿರೋಧಿಸಿದರು, 2017ರ ಮಾರ್ಚಿನಲ್ಲಿ ಅದನ್ನು ಕೈಬಿಡಲಾಯಿತು. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನವರೆಗಿನ ಸುರಂಗ ರಸ್ತೆಯ ಪ್ರಸ್ತಾಪ 2025ರಲ್ಲಿ ಅದೇ ವಾದಗಳನ್ನು ಮತ್ತೆ ಎಬ್ಬಿಸಿತು. ಆ ಬಗ್ಗೆ ಪತ್ರಿಕೆಗಳಲ್ಲಿ ಸಾಕಷ್ಟು ಬಂದಿದೆ. ಯಾರೂ ಬರೆಯದಿರುವುದು ಬೆಟ್ಟದ ಮೇಲಿನ ಸಂಗತಿ. ಕೊಪ್ಪದಲ್ಲಿ ಕಾರ್ಮಿಕರೇ ಮಾಲೀಕರಾಗಿ 1991ರಲ್ಲಿ ಕಟ್ಟಿದ ಸಹಕಾರ ಸಾರಿಗೆ ಮೂರು ದಶಕಗಳ ಕಾಲ ಮಲೆನಾಡಿನ ಒಳದಾರಿಗಳಲ್ಲಿ ಬಸ್ಸು ಓಡಿಸಿ, ನಷ್ಟ ತಾಳಲಾರದೆ 2020ರಲ್ಲಿ ನಿಂತುಹೋಯಿತು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣ ದೊರೆತಿರುವುದು ಸರಕಾರಿ ನಿಗಮಗಳ ಬಸ್ಸುಗಳಲ್ಲಿ ಮಾತ್ರ. ಖಾಸಗಿ ಬಸ್ಸನ್ನೇ ನಂಬಿರುವ ಮಾರ್ಗಗಳಿಗೆ ಅದು ತಲುಪದು. ಬಸ್ಸು ತಪ್ಪಿದ ಹಳ್ಳಿಯಲ್ಲಿ ಮೊದಲು ಮೋಟರ್ ಸೈಕಲ್ ಬರುತ್ತದೆ, ಸಾಲ ಸಿಕ್ಕವರ ಮನೆಗೆ ಕಾರು ಬರುತ್ತದೆ, ಉಳಿದ ಬಸ್ಸಿಗೆ ಜನ ಕಡಿಮೆಯಾಗಿ ಅದೂ ನಿಲ್ಲುತ್ತದೆ. ಆಮೇಲೆ ರಸ್ತೆ ಅಗಲಿಸುವ ಬೇಡಿಕೆ ಹಳ್ಳಿಯಿಂದಲೇ ಹೊರಡುತ್ತದೆ, ಬದಿಯ ಮರಗಳಿಗೆ ನಂಬರು ಬೀಳುತ್ತದೆ. ಮರ ಉಳಿಸುವ ಹೋರಾಟ ಆ ಹಂತದಲ್ಲಿ ಆರಂಭವಾದರೆ ತಡವಾಗಿರುತ್ತದೆ.

ಬಸ್ ಮಾರ್ಗದ ರಹದಾರಿ ಕೊಡುವುದು, ಬಿಟ್ಟುಹೋದ ಮಾರ್ಗವನ್ನು ಮತ್ತೊಬ್ಬರಿಗೆ ವಹಿಸುವುದು, ವೇಳಾಪಟ್ಟಿ ನಿಗದಿಪಡಿಸುವುದು ಇವೆಲ್ಲ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಮುಂದೆ ಬರುವ ವಿಷಯಗಳು. ಆ ಸಭೆಗಳಿಗೆ ಬಸ್ ಮಾಲೀಕರು ತಪ್ಪದೆ ಹೋಗುತ್ತಾರೆ, ಪ್ರಯಾಣಿಕರ ಪರವಾಗಿ ಹೋಗುವವರು ವಿರಳ. ಮಳೆಗಾಲಕ್ಕೆ ಮುನ್ನ ಪ್ರತಿ ಊರಿನ ಘಟಕವು ತನ್ನ ಹಳ್ಳಿಯಲ್ಲಿ ಸ್ವಂತ ವಾಹನ ನಡೆಸದವರು ಎಷ್ಟು ಮಂದಿ, ಕಳೆದ ಹತ್ತು ವರ್ಷಗಳಲ್ಲಿ ನಿಂತುಹೋದ ಬಸ್ಸು ಯಾವುದು, ಆಸ್ಪತ್ರೆಗೂ ಶಾಲೆಗೂ ಯಾವ ವೇಳೆಗೆ ಬಸ್ಸು ಬೇಕು ಎಂಬ ಮೂರು ವಿಷಯಗಳನ್ನು ಒಂದು ಹಾಳೆಯಲ್ಲಿ ಬರೆದು ತಂದರೆ, ಅವುಗಳನ್ನು ಒಟ್ಟುಗೂಡಿಸಿ ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ ಮೂರೂ ಜಿಲ್ಲೆಗಳ ಪ್ರಾಧಿಕಾರಗಳಿಗೆ ಸಲ್ಲಿಸಬಹುದು. ಎಣಿಕೆಯನ್ನು ಮನೆಯ ಹಿರಿಯರಿಂದಲೇ ಆರಂಭಿಸುವುದು ಒಳ್ಳೆಯದು. ಯಾವ ಬಸ್ಸು ಯಾವ ವರ್ಷ ನಿಂತಿತೆಂಬುದು ಅವರಿಗೆ ನೆನಪಿರುತ್ತದೆ.